ಪೈಲ್ವಾನ ಚಿಗವ್ವ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಕಟಿಂಗ್ ಅಂಗಡಿ ಇತ್ತು. ಎಪ್ಪತ್ತರ ದಶಕದ ಉದ್ದಕ್ಕೂ ಅದರ ಗೋಡೆಯ ಮೇಲೆ ನನ್ನ ಅವ್ವನ ಒಡಹುಟ್ಟಿದವಳ ಫೋಟೊ ಇತ್ತು. ಬಿಗಿದು ಕಟ್ಟಿದ ಲಂಗೋಟ, ಮೈತುಂಬ ಕೆಮ್ಮಣ್ಣು, ಹೆಗಲ ಮೇಲೆ ಬೆಳ್ಳಿ ಗದೆ, ತಿರುವಿ ಬಿಟ್ಟ ಮೀಸೆ. ಆಗ ಊರಿಗೆಲ್ಲ ಅವಳು ಪೈಲ್ವಾನ, ನನಗೆ ಸೋದರಮಾವ. ಆಮೇಲೆ ನನಗೆ ಚಿಗವ್ವನಾದಳು, ಅಂದರೆ ಅವ್ವನ ತಂಗಿ. ನಾನು ಇಲ್ಲಿ ಮೊದಲಿನಿಂದ ಕೊನೆಯ ತನಕ ಚಿಗವ್ವ ಎಂದೇ ಬರೆಯುತ್ತೇನೆ. ಓದುವವರಿಗೆ ತೊಡಕಾದರೆ ಆಗಲಿ. ಅವಳು ಪಟ್ಟ ತೊಡಕಿನ ಮುಂದೆ ಅದೇನೂ ದೊಡ್ಡದಲ್ಲ.

ನಮ್ಮ ಜಿಲ್ಲೆಯ ಜನಕ್ಕೆ ಯಾರನ್ನಾದರೂ ತಲೆಯ ಮೇಲೆ ಹೊತ್ತು ಕುಣಿಯದಿದ್ದರೆ ಉಂಡದ್ದು ಕರಗುವುದಿಲ್ಲ. ಚಿಗವ್ವ ಬಾಗಲವಾಡದಲ್ಲಿ ಕುರಿ ಕಾಯುತ್ತಿದ್ದವಳು. ಅವಳು ಒಂದು ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟುವುದನ್ನು ಕಂಡ ಕುಸ್ತಿ ಕಲಿಸುವ ಒಬ್ಬ ವಸ್ತಾದ ರಾಯಚೂರಿನ ತನ್ನ ತಾಲೀಮಿಗೆ, ಅಂದರೆ ಗರಡಿಗೆ, ಕರೆದೊಯ್ದ. ಅಲ್ಲಿಂದ ಮುಂದೆ ದೂರದ ಊರುಗಳಿಂದ ಬಂದ ಪೈಲ್ವಾನರೆಲ್ಲ ಅವಳ ಕೈಯಲ್ಲಿ ಬೆನ್ನಿಗೆ ಮಣ್ಣು ಮಾಡಿಕೊಂಡು ಹೋದರು. ಹೋಟೆಲಿನವನು ಅವಳು ಚಹಾ ಕುಡಿದ ಗ್ಲಾಸನ್ನು ಬೇರೆ ಇಟ್ಟು ಗಿರಾಕಿಗಳಿಗೆ ತೋರಿಸುತ್ತಿದ್ದ. ಗಂಡಸರು ಅವಳ ರಟ್ಟೆ ಮುಟ್ಟಿ ನೋಡಿ ತಮ್ಮ ರಟ್ಟೆಯನ್ನೂ ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಹೆಂಗಸರು ರಾತ್ರಿ ಬೆಚ್ಚಿ ಬೀಳುವ ಮಕ್ಕಳನ್ನು ತಂದು ತಲೆಯ ಮೇಲೆ ಕೈ ಇಡಿಸಿಕೊಂಡು ಹೋಗುತ್ತಿದ್ದರು. ಕವಿತಾಳದಲ್ಲಿ ಒಬ್ಬ ಮಹಾಶಯ ತನ್ನ ಮಗನಿಗೆ ಅವಳ ಹೆಸರನ್ನೇ ಇಟ್ಟಿದ್ದ.

ನಮ್ಮದು ದೇವದುರ್ಗ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನ ಕಿರಾಣಿ ಅಂಗಡಿ. ಚಿಗವ್ವ ಬಂದ ದಿನ ಅಂಗಡಿಯ ಮುಂದೆ ಜನ ಮುಗಿಬೀಳುತ್ತಿದ್ದರು, ಒಬ್ಬನೂ ಒಂದು ಪಾವು ಸಕ್ಕರೆ ಕೊಳ್ಳುತ್ತಿರಲಿಲ್ಲ. ಅಪ್ಪನಿಗೆ ಅದರ ಚಿಂತೆ ಇರಲಿಲ್ಲ. ಹೆಂಡತಿಯ ತಮ್ಮ ಅಂದರೆ ತನ್ನದೇ ತೋಳು ಅನ್ನುವಂತೆ ಎದೆಯುಬ್ಬಿಸಿ ಗಲ್ಲೆಯ ಹಿಂದೆ ಕೂತಿರುತ್ತಿದ್ದ.

ಆದರೆ ಚಿಗವ್ವ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಸೀದಾ ಒಳಗೆ ಬಂದು ಅಡಿಗೆ ಮನೆಯ ನೆಲದ ಮೇಲೆ ಅವ್ವನ ಪಕ್ಕ ಕೂತು ಮೊರ ಎಳೆದುಕೊಂಡು ಜೋಳ ಹಸನು ಮಾಡುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆಯಲ್ಲ, ಹಾಗಾಗಿ ಓಣಿಯ ಹೆಂಗಸರು ನನ್ನನ್ನು ನಿನ್ನ ಗಂಡ ಬಂದಾನ ನೋಡು ಎಂದು ಕಾಡುತ್ತಿದ್ದರು. ಅಜ್ಜಿಗೂ ಅದೇ ಆಸೆ ಇತ್ತು. ಚಿಗವ್ವ ಒಂದೇ ಮಾತಿನಲ್ಲಿ ಆ ಸುದ್ದಿ ತೆಗೆಯಬೇಡಿ ಅಂದಿದ್ದಳು. ಆಗ ಎಲ್ಲರೂ ಅದನ್ನು ಬ್ರಹ್ಮಚರ್ಯ ಎಂದು ಕೊಂಡಾಡಿದರು.

ಅವ್ವನಿಗೆ ಮಾತ್ರ ಮೊದಲೇ ಗೊತ್ತಿತ್ತು. ಸಣ್ಣವರಿದ್ದಾಗ ಇಬ್ಬರೂ ಕುರಿಯ ಹಿಂದೆ ಹೋಗಿದ್ದಾಗ, ಅಕ್ಕಾ ನಾನೂ ನಿನ್ನ ಹಂಗ ಹೆಣ್ಣು ಎಂದು ಚಿಗವ್ವ ಹೇಳಿದ್ದಳಂತೆ. ಅವ್ವ, ಗೊತ್ತದ, ಮೊದಲ ಆ ಕುರಿ ತಿರುಗಿಸು, ಹೊಲದಾಗ ಹೊಂಟಾವ ಅಂದಿದ್ದಳಂತೆ. ಇದನ್ನು ಅವ್ವ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಓದಿದವರೂ ಹಿರಿಯರೂ ಸೇರಿ ತಿಂಗಳುಗಟ್ಟಲೆ ಚರ್ಚಿಸಿದ ವಿಷಯ ಅವ್ವನಿಗೆ ಕುರಿ ತಿರುಗಿಸುವಷ್ಟರಲ್ಲಿ ಮುಗಿದಿತ್ತು.

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಒಂದು ಮುಂಜಾನೆ ಚಿಗವ್ವ ಮೀಸೆ ಬೋಳಿಸಿ, ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡು, ಗದೆ ಹಿಡಿದುಕೊಂಡು ನಡುಪೇಟೆಯಲ್ಲಿ ನಡೆದು ತಾಲೀಮಿಗೆ ಹೋದಳು. ವಸ್ತಾದನ ಮುಂದೆ ಗದೆ ಇಟ್ಟು, ತಿಳಿವಳಿಕೆ ಬಂದಾಗಿನಿಂದ ತಾನು ಹೆಣ್ಣೇ, ಇಷ್ಟು ದಿನ ಹೇಳುವ ಧೈರ್ಯ ಇರಲಿಲ್ಲ, ಇನ್ನು ಕುಸ್ತಿ ಆಡುವುದಿಲ್ಲ ಎಂದು ಹೇಳಿದಳು. ವಸ್ತಾದ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತನಂತೆ. ಅವಳು ದೂರದಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿ ಹೊರಟು ಬಂದಳು.

ಸಂಜೆಯ ಬಸ್ಸಿಗೆ ಸುದ್ದಿ ದೇವದುರ್ಗಕ್ಕೆ ಬಂತು, ಮರುದಿನ ಮಾನ್ವಿಗೆ ಹೋಯಿತು. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ, ನಡುವೆ ನಗುವೂ ಬರುತ್ತದೆ. ಕಟಿಂಗ್ ಅಂಗಡಿಯವನು ಫೋಟೊ ಕಿತ್ತು ಹಿಂದಿನ ಗಟಾರಕ್ಕೆ ಒಗೆದ. ಚೌಕಟ್ಟು ಮಾತ್ರ ಇಟ್ಟುಕೊಂಡು ಅದರಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿದ ಸಿನಿಮಾ ನಟಿಯ ಚಿತ್ರ ಕೂರಿಸಿದ. ಹೆಣ್ಣಿನ ಚಿತ್ರವೇ ಬೇಕಿದ್ದರೆ ಇದ್ದದ್ದನ್ನೇ ಬಿಡಬಹುದಿತ್ತು ಎಂದು ಆ ಬುದ್ಧಿವಂತನಿಗೆ ಹೇಳುವವರು ಯಾರೂ ಇರಲಿಲ್ಲ. ಹೋಟೆಲಿನವನು ಗ್ಲಾಸನ್ನು ಗಿರಾಕಿಗಳ ಎದುರಿಗೇ ಒಡೆದ. ಅವಳ ಕೈಯಲ್ಲಿ ಸೋತ ಪೈಲ್ವಾನರ ಪಾಡಂತೂ ಕೇಳುವುದೇ ಬೇಡ. ಹೆಂಗಸಿನ ಕೈಯಲ್ಲಿ ಚಿತ್ತಾದವರು ಎಂದು ಜನ ಅವರನ್ನು ಆಡಿಕೊಳ್ಳತೊಡಗಿದರು. ಒಬ್ಬ ತಾನು ಬೇಕೆಂದೇ ಸೋತಿದ್ದೆ ಎಂದು ಆಣೆ ಮಾಡುತ್ತ ತಿರುಗಿದ. ಕವಿತಾಳದ ಮಹಾಶಯ ಮಗನ ಹೆಸರು ಬದಲಿಸಿದ. ಆ ಹುಡುಗ ಎಷ್ಟೋ ದಿನ ಹಳೆ ಹೆಸರಿಗೂ ತಿರುಗಿ ನೋಡಲಿಲ್ಲ, ಹೊಸ ಹೆಸರಿಗೂ ಓಗೊಡಲಿಲ್ಲವಂತೆ.

ಇವರೆಲ್ಲ ಸೀರೆ ಉಟ್ಟ ಗಂಡಸರನ್ನೇ ಕಾಣದವರು ಎಂದು ತಿಳಿಯಬೇಡಿ. ನಮ್ಮ ಕಡೆ ಎಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳು ಮೊದಲಿನಿಂದಲೂ ಇದ್ದಾರೆ. ಗಂಡಾಗಿ ಹುಟ್ಟಿದವರು, ದೇವಿ ಕರೆದಳೆಂದು ಸೀರೆ ಉಟ್ಟು, ದೇವಿಯ ಕೊಡ ಹೊತ್ತು, ಚೌಡಿಕೆ ಬಾರಿಸುತ್ತ ಮಂಗಳವಾರ ಶುಕ್ರವಾರ ಮನೆಮನೆಗೆ ಬರುತ್ತಾರೆ. ಅವರು ಬಂದರೆ ಮನೆಯವರೆಲ್ಲ ಹೊಸ್ತಿಲಿಗೆ ಓಡುತ್ತಾರೆ, ಹಣೆಗೆ ಅರಿಷಿಣದ ಭಂಡಾರ ಹಚ್ಚಿಸಿಕೊಳ್ಳುತ್ತಾರೆ, ಕಾಲಿಗೆ ಬೀಳುತ್ತಾರೆ. ಅವರ ಬಾಯಿಂದ ಕೆಟ್ಟ ಮಾತು ಬಂದರೆ ವಂಶ ಉಳಿಯುವುದಿಲ್ಲ ಎಂದು ಹೆದರುತ್ತಾರೆ.

ಹೀಗಾಗಿ ಒಂದಿಷ್ಟು ದಿನ ಕಳೆದ ಮೇಲೆ ಊರಿನ ಹಿರಿಯರು ತಾವೇ ಒಂದು ತೀರ್ಮಾನಕ್ಕೆ ಬಂದರು. ಪೈಲ್ವಾನನನ್ನು ಎಲ್ಲಮ್ಮ ಹಿಡಿದಿದ್ದಾಳೆ, ಪಾಪ ಅವನದೇನು ತಪ್ಪು ಎಂದರು. ಮುತ್ತು ಕಟ್ಟಿಸಿಕೊಳ್ಳಲಿ, ನಾವೇ ಮುಂದೆ ನಿಂತು ಮಾಡಿಸುತ್ತೇವೆ ಎಂದು ಹೇಳಿ ಕಳಿಸಿದರು. ಚಿಗವ್ವ ಒಲ್ಲೆ ಅಂದಳು. ಸೀರೆ ಉಟ್ಟದ್ದನ್ನು ಇವರು ಹೇಗೋ ನುಂಗಿಕೊಳ್ಳುತ್ತಿದ್ದರು. ದೇವಿಯ ಹೆಸರು ಹೇಳದೆ ಉಟ್ಟಳಲ್ಲ, ಅದನ್ನು ಮಾತ್ರ ಕ್ಷಮಿಸಲಿಲ್ಲ. ಸುಳ್ಳು ಹೇಳಿದ್ದರೆ ಪೂಜೆ ಮಾಡುತ್ತಿದ್ದರು, ನಿಜ ಹೇಳಿದ್ದಕ್ಕೆ ಉಗುಳಿದರು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನವರು ಮಾನ್ವಿಯವರು. ಹಿಂದೆ ಮಾತುಕತೆ ಶುರುವಾದಾಗ ಪೈಲ್ವಾನನ ಅಕ್ಕನ ಮಗಳು ಎಂಬ ಕಾರಣಕ್ಕೇ ಹಲ್ಲು ಕಿರಿದುಕೊಂಡು ಬಂದವರು. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಬಂದು ಹಂದರದಲ್ಲಿ ಇಳಿಸಬೇಕು. ಅವ್ವನಿಗೆ ಬೇರೆ ಅಣ್ಣತಮ್ಮಂದಿರಿಲ್ಲ. ಬೀಗರ ಕಡೆಯ ಹಿರಿಯ, ಅಂದರೆ ನನ್ನ ಮಾವನ ಅಣ್ಣ, ಮೂರು ದಾರಿ ಹೇಳಿ ಕಳಿಸಿದ. ಪೈಲ್ವಾನ ಒಂದು ದಿನದ ಮಟ್ಟಿಗೆ ದೋತರ, ರುಮಾಲು ಹಾಕಿಕೊಂಡು ಬರಲಿ. ಅದಾಗದಿದ್ದರೆ ಜೋಗಪ್ಪನಾಗಿ ಕೊಡ ಹೊತ್ತು ಬರಲಿ, ಶುಭವೇ. ಎರಡೂ ಆಗದಿದ್ದರೆ ಬರುವುದೇ ಬೇಡ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಅಂದು ಸಂಜೆ ಉಣ್ಣಲಿಲ್ಲ. ಮಗಳ ಮದುವೆಗೆ ತನ್ನದು ಎಂಬ ಒಂದೇ ಒಂದು ರಕ್ತ, ಅದನ್ನೂ ಹೊರಗೆ ನಿಲ್ಲಿಸಿ ಬೀಗರಿಗೆ ಊಟ ಬಡಿಸುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಮೂವರೂ ರಾಯಚೂರಿಗೆ ಹೋದೆವು. ಚಿಗವ್ವ ಗಂಜ್ ಮಾರುಕಟ್ಟೆಯ ಹಿಂದಿನ ಒಂದು ಕೋಣೆಯಲ್ಲಿದ್ದಳು. ಕುಸ್ತಿ ಬಿಟ್ಟ ಮೇಲೆ ಉಳುಕು ತೆಗೆಯುವುದು, ಜಾರಿದ ಕೀಲು ಕೂರಿಸುವುದು ಅವಳ ಹೊಟ್ಟೆಪಾಡು. ನಾವು ಹೋದಾಗ ಒಬ್ಬ ಹಮಾಲನ ಭುಜ ನೀವುತ್ತಿದ್ದಳು. ಅವನು ನಮ್ಮನ್ನು ಕಂಡವನೇ ತಲೆಯ ಮೇಲೆ ಟವೆಲು ಹಾಕಿಕೊಂಡು ಹಿಂದಿನ ಬಾಗಿಲಿಂದ ಹೋದ. ಬರುವವರೆಲ್ಲ ಹೀಗೆಯೇ, ಭುಜ ಕೊಡುತ್ತಾರೆ, ಮುಖ ಕೊಡುವುದಿಲ್ಲ ಎಂದು ಚಿಗವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಅಪ್ಪ ಚೀಲದಿಂದ ಹೊಸ ದೋತರ ತೆಗೆದು ಮುಂದಿಟ್ಟ. ಬೀಗರು ಹೇಳಿದ್ದನ್ನು ಹೇಳಿದ. ಚಿಗವ್ವ ದೋತರದ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಚಲೋ ಅದ, ಭಾವಾರ. ನೀವ ಉಟ್ಕೊಳ್ರಿ, ಮಗಳ ಮದಿವ್ಯಾಗ ಚಂದ ಕಾಣ್ತೀರಿ.”

“ಹಂಗಾದ್ರ ಮುತ್ತರ ಕಟ್ಟಿಸ್ಕೊ. ತಾಯಿ ಮೈಮ್ಯಾಗ ಬಂದಾಳ ಅಂತ ಒಂದ ಮಾತು ಅಂದುಬಿಡು. ಊರಿಗೂರ ಕಾಲಿಗಿ ಬೀಳ್ತದ,” ಎಂದ ಅಪ್ಪ.

“ತಾಯಿ ನನ್ನ ಕರದಿಲ್ಲ. ಕರೀದ ಇದ್ದಾಕಿ ಹೆಸರ ಹೇಳಿ ನಾ ಪೂಜಿ ಮಾಡಿಸ್ಕೊಳಾಂಗಿಲ್ಲ. ನಾ ದೇವರಲ್ಲ, ದೆವ್ವಲ್ಲ. ಹೆಣ್ಮಗಳು, ಇಷ್ಟ.”

ಅಪ್ಪ ನನ್ನ ಕಡೆ ಕೈ ತೋರಿಸಿ, ಇವಳ ಬಾಳು ಹಾಳಾಗುತ್ತದೆ ಎಂದು ಬಾಯಿಗೆ ಬಂದಂತೆ ಆಡತೊಡಗಿದ. ಅವ್ವ ಎದ್ದು ದೋತರ ಮಡಚಿ ಚೀಲಕ್ಕೆ ಹಾಕಿದಳು.

“ನೀ ನನ್ನ ತಂಗ್ಯಾಗಿ ಬಾ,” ಅಂದಳು.

ಬಸ್ಸಿನಲ್ಲಿ ಅಪ್ಪ ಗಬ್ಬೂರು ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದ. ಆಮೇಲೆ, ಬೀಗರು ಎದ್ದು ಹೋದರೆ ನಿನ್ನ ತಂಗಿಯೇ ಬಂದು ಮಗಳನ್ನು ಸಾಕಲಿ ಅಂದ. ತಂಗಿ ಎಂಬ ಶಬ್ದ ಅವನ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಬೈಗುಳದಲ್ಲಿ.

ದೇವದುರ್ಗದ ದರ್ಜಿ ಚಿಗವ್ವನಿಗೆ ಕುಪ್ಪಸ ಹೊಲಿಯಲು ಒಪ್ಪಲಿಲ್ಲ. ಅಳತೆ ತೆಗೆದುಕೊಂಡರೆ ತನ್ನ ಮಷಿನ್ನಿಗೆ ಕೇಡು ಎಂದನಂತೆ. ಅದೇ ದರ್ಜಿ ಒಂದು ಕಾಲದಲ್ಲಿ ಅವಳ ಲಂಗೋಟ ಹೊಲಿದುಕೊಟ್ಟು ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದವನು. ಅವ್ವ ತಾನೇ ಅಂದಾಜಿನ ಮೇಲೆ ಕೈಹೊಲಿಗೆ ಹಾಕಿದಳು. ಒಂದೊಂದು ತೋಳಿಗೂ ಎರಡೆರಡು ತುಂಡು ಜೋಡಿಸಬೇಕಾಯಿತು.

ಮದುವೆಯ ದಿನ ಮುಂಜಾನೆಯ ಬಸ್ಸಿಗೆ ಚಿಗವ್ವ ಬಂದಳು. ಹಸಿರು ಇಳಕಲ್ ಸೀರೆ, ಅವ್ವ ಹೊಲಿದ ಕುಪ್ಪಸ, ಕೈತುಂಬ ಬಳೆ. ಅವಳ ಮಣಿಕಟ್ಟಿಗೆ ಆಗುವ ಬಳೆ ಎಲ್ಲಿ ಹುಡುಕಿದ್ದಳೋ ಗೊತ್ತಿಲ್ಲ. ಹಂದರದಲ್ಲಿ ಎಲ್ಲರ ಬಾಯಿಯೂ ಒಮ್ಮೆಲೇ ನಿಂತು ಆಮೇಲೆ ಒಮ್ಮೆಲೇ ಶುರುವಾಯಿತು. ಗಂಡಸರು ಕೆಮ್ಮಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅವಳು ಯಾರ ಮುಖವನ್ನೂ ನೋಡದೆ ಹೆಂಗಸರ ಸಾಲಿಗೆ ಹೋಗಿ ಅವ್ವನ ಪಕ್ಕದ ಜಮಖಾನೆಯ ಮೇಲೆ ಕೂತಳು. ಸುತ್ತಲಿನವರು ಸರಿದು ಸರಿದು ಕೊನೆಗೆ ಜಮಖಾನೆ ಬಿಟ್ಟು ನೆಲಕ್ಕೆ ಬಂದರು. ಬೀಗರ ಹಿರಿಯ ಎದ್ದು ನಿಂತು ಹೋಗುವವನಂತೆ ಶಲ್ಯ ಕೊಡವಿದ. ಅಡಿಗೆಯ ವಾಸನೆ ಆಗಲೇ ಬಂದಿತ್ತು, ಮತ್ತೆ ಕೂತ.

ಅಪ್ಪ ಚೀಕಲಪರ್ವಿಯಿಂದ ದೂರದ ಸಂಬಂಧದ ಒಬ್ಬನನ್ನು ಹಿಡಿದು ತಂದು ಸೋದರಮಾವ ಎಂದು ನಿಲ್ಲಿಸಿದ್ದ. ಬಡಕಲು ಮನುಷ್ಯ. ನಾನೇನು ಹಗುರದವಳಲ್ಲ, ಮೇಲೆ ಮದುವೆಯ ಸೀರೆಯ ಭಾರ ಬೇರೆ. ಅವನು ದೇವರ ಹೆಸರು ಹೇಳಿ ನನ್ನನ್ನು ಎತ್ತಿದ, ಹೊಸ್ತಿಲು ದಾಟುವಷ್ಟರಲ್ಲಿ ಕಾಲು ನಡುಗಿ ಅಲ್ಲೇ ಇಳಿಸಿ ಸೊಂಟ ಹಿಡಿದುಕೊಂಡ. ಇನ್ನೊಮ್ಮೆ ಎತ್ತಲು ಹೋಗಿ ನನ್ನನ್ನೂ ಕೆಡವಿದ. ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಕೂಗುತ್ತಿದ್ದರು. ನನ್ನ ಗಂಡನಾಗುವವನು ಬಾಸಿಂಗದ ಹಿಂದೆ ಮುಖ ಅಡಗಿಸಿಕೊಂಡು ಕೂತಿದ್ದ.

ಆಗ ಹಂದರದ ಕಣ್ಣೆಲ್ಲ ಒಂದೇ ಕಡೆ ತಿರುಗಿದವು. ಅಲ್ಲಿಯ ತನಕ ಮೂಗು ಮುರಿದವರಿಗೆಲ್ಲ ಎರಡು ತುಂಡು ಜೋಡಿಸಿದ ಆ ತೋಳು ಈಗ ಕಾಣಿಸಿತು. ಬೀಗರ ಹಿರಿಯನೇ ಬಾಯಿ ತೆರೆದ.

“ನೋಡಿಕೋತ ಯಾಕ ಕುಂತಿ? ಬಂದ ಎತ್ತು, ಟೈಮ್ ಆಗಾಕತ್ತದ.”

ಅವಳಿಗೆ ನಾನು ಒಂದು ಕುರಿಮರಿಯಷ್ಟೂ ಭಾರವಲ್ಲ. ಎದ್ದು ಎತ್ತಿದ್ದರೆ ಊರು ಸೀಟಿ ಹೊಡೆಯುತ್ತಿತ್ತು, ಹಳೆಯ ಫೋಟೊ ಮತ್ತೆ ಗೋಡೆಗೆ ಏರುತ್ತಿತ್ತೋ ಏನೋ. ಚಿಗವ್ವ ಅವ್ವನ ಕೈಯಲ್ಲಿದ್ದ ಆರತಿ ತಟ್ಟೆಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಎತ್ತೂದು ಮಾವನ ಕೆಲಸರೀ. ನಾ ಆಕಿ ಚಿಗವ್ವ. ನಾ ಆರತಿ ಹಿಡೀತೀನಿ.”

ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದೇ ಹಂದರಕ್ಕೆ ಹೋದೆ. ಎತ್ತಿಕೊಂಡು ಹೋಗದಿದ್ದರೆ ಆಕಾಶ ಬೀಳುತ್ತದೆ ಎಂದವರೆಲ್ಲ ಮೇಲೆ ನೋಡಲೂ ಇಲ್ಲ, ಅಕ್ಕಿಕಾಳು ಹಾಕಿ ಊಟದ ಪಂಕ್ತಿಗೆ ನುಗ್ಗಿದರು.

ಊಟ ಮುಗಿದ ಮೇಲೆ ಚಿಗವ್ವ ಹೊರಟು ನಿಂತಳು. ಅವ್ವ ಅವಳನ್ನು ಹಂದರದ ನಡುವೆ ಮಣೆಯ ಮೇಲೆ ಕೂರಿಸಿದಳು. ತವರಿಗೆ ಬಂದ ಹೆಣ್ಣುಮಗಳನ್ನು ಬರಿದೆ ಕಳಿಸುವುದಿಲ್ಲ, ಉಡಿ ತುಂಬಿ ಕಳಿಸುತ್ತಾರೆ. ಅವರ ಅಪ್ಪ ಅವ್ವ ಇಬ್ಬರೂ ಆಗ ಇರಲಿಲ್ಲ, ಬಾಗಲವಾಡದ ಮನೆ ಬಿದ್ದುಹೋಗಿತ್ತು, ಅಕ್ಕನ ಮನೆಯೇ ಅವಳಿಗೆ ತವರು. ಅವ್ವ ಅವಳ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಕುಪ್ಪಸಕ್ಕೆ ಒಂದು ಖಣ ಹಾಕಿದಳು. ಚಿಗವ್ವ ಸೆರಗಿನ ಹೊರಗೆ ಬಿದ್ದ ಅಕ್ಕಿಕಾಳನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. ದೊಡ್ಡ ದೊಡ್ಡ ಪೈಲ್ವಾನರನ್ನು ಕೆಡವಿದ ಕೈ ಅದು. ನಾನು ಅತ್ತದ್ದು ಆಗ, ಗಂಡನ ಮನೆಗೆ ಹೋಗುವ ಹೊತ್ತಿಗಲ್ಲ.

ಅಷ್ಟರಲ್ಲಿ ಬೀಗರ ಕಡೆಯ ಒಬ್ಬ ಮುದುಕಿ ದೂರದಿಂದ ಇದನ್ನು ಕಂಡಳು. ಜೋಗಪ್ಪಗಳಿಗೂ ಜನ ಹೀಗೇ ಉಡಿ ತುಂಬುತ್ತಾರಲ್ಲ, ಅರಿಷಿಣದ ಹಣೆ ನೋಡಿದವಳೇ ಎಲ್ಲಮ್ಮನಿಗೆ ಕೂಗುವಂತೆ ಉಧೋ ಉಧೋ ಎಂದು ಕೈ ಎತ್ತಿ ಕೂಗಿದಳು. ಆ ಕೂಗಿಗೆ ಹಂದರವೇ ತಿರುಗಿತು. ಕೊನೆಗೂ ಒಪ್ಪಿಕೊಂಡಳು, ತಾಯಿ ಬಂದಳು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮುಂಜಾನೆ ಜಮಖಾನೆ ಬಿಟ್ಟು ಸರಿದ ಹೆಂಗಸರು ಈಗ ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಕೂಸುಗಳನ್ನು ಮುಂದೆ ಹಿಡಿದರು. ಲಂಗೋಟದ ದರ್ಜಿ ಮಣ್ಣಿಗೆ ಹಣೆ ಹಚ್ಚಿದ. ಬೀಗರ ಹಿರಿಯ ಮಂಟಪದಿಂದ ಒಂದು ತೆಂಗಿನಕಾಯಿ ಕಿತ್ತುಕೊಂಡು ಬಂದು ಚಿಗವ್ವನ ಕಾಲಡಿ ಇಟ್ಟು, ತಪ್ಪಾಯಿತು ತಾಯಿ, ಮನೆತನ ಕಾಯಿ ಎಂದು ಗಲ್ಲ ಬಡಿದುಕೊಂಡ. ಅಪ್ಪನ ಮುಖ ಅರಳಿತು. ಇಷ್ಟೇ ಸಾಕಾಗಿತ್ತು ಅವನಿಗೆ. ಅವಳು ಸುಮ್ಮನೆ ಒಂದು ಗಳಿಗೆ ಕೂತಿದ್ದರೆ ಆಯಿತು, ಅವತ್ತಿನಿಂದ ಅವಳಿಗೆ ಈ ಜಿಲ್ಲೆಯಲ್ಲಿ ಬಾಡಿಗೆಯ ಚಿಂತೆಯೂ ಇರುತ್ತಿರಲಿಲ್ಲ, ಹಿಂದಿನ ಬಾಗಿಲೂ ಬೇಕಾಗುತ್ತಿರಲಿಲ್ಲ.

ಚಿಗವ್ವ ಕಾಲು ಹಿಂದಕ್ಕೆ ಎಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡಳು. ಉಡಿ ಚೆಲ್ಲದಂತೆ ಎರಡೂ ಕೈಯಿಂದ ಹಿಡಿದಿದ್ದಳು.

“ಕಾಲು ಬಿಡ್ರಿ. ತಾಯಿ ಬಂದಿಲ್ಲ, ಯಾರೂ ಬಂದಿಲ್ಲ. ನಾ ಇಕಿ ತಂಗಿ, ತವರಿಗಿ ಬಂದೀನಿ. ನಮ್ಮಕ್ಕ ನನಗ ಉಡಿ ತುಂಬ್ಯಾಳ.”

ಕಾಲಿಗೆ ಬಿದ್ದಿದ್ದ ಜನ ಆಮೇಲೆ ಒಬ್ಬೊಬ್ಬರೇ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. ಮೋಸ ಹೋದವರಂತೆ ಸಿಟ್ಟಾದರು. ದರ್ಜಿ ಹಣೆ ಒರೆಸಿಕೊಂಡು ಥೂ ಅಂದ. ಬೀಗರ ಹಿರಿಯ ಅತ್ತಿತ್ತ ನೋಡಿ ಬಗ್ಗಿ ತನ್ನ ತೆಂಗಿನಕಾಯಿಯನ್ನು ತೆಗೆದುಕೊಂಡು ಶಲ್ಯದೊಳಗೆ ಮುಚ್ಚಿಟ್ಟುಕೊಂಡ. ಮುಂದೆ ಎಷ್ಟೋ ವರ್ಷ ಆ ಮನುಷ್ಯ ನನ್ನ ಮನೆಯಲ್ಲಿ ಹಿರಿಯ ಎಂದು ಪೂಜೆ ಮಾಡಿಸಿಕೊಂಡ. ನಾನು ಅವನಿಗೆ ಊಟಕ್ಕೆ ಬಡಿಸುವಾಗಲೆಲ್ಲ ಆ ಕಾಯಿಯೇ ಕಣ್ಣೆದುರು ಬರುತ್ತಿತ್ತು.

ಚಿಗವ್ವ ರಾಯಚೂರಿನ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ಹೋದಳು. ಅವ್ವ ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋಗಿ ಹತ್ತಿಸಿ ಬಂದಳು.

ಮಾನ್ವಿಗೆ ಹೋದ ಮೇಲೆ ಮೊದಲ ಸಲ ರಾಯಚೂರಿಗೆ ಬಂದಾಗ ನಾನು ಗಂಡನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಅವಳ ಕೋಣೆಗೆ ಹೋದೆ. ಅವ್ವ ಕೊಟ್ಟ ಖಣವನ್ನು ತಾನೇ ಹೊಲಿದು ಹಾಕಿಕೊಂಡಿದ್ದಳು, ಹೊಲಿಗೆ ಸೊಟ್ಟಗಿತ್ತು. ಚಹಾ ಮಾಡಿ ಕೊಟ್ಟಳು. ಅವತ್ತು ಅಷ್ಟು ಜನ ಕಾಲಿಗೆ ಬಿದ್ದಾಗ ಏನನ್ನಿಸಿತು ಎಂದು ಕೇಳಿದೆ. ಅವಳಿಗೆ ಆ ಮಾತೇ ಬೇಡವಾಗಿತ್ತು. ಉಡಿಯ ಅಕ್ಕಿಯನ್ನು ಮನೆಯವರೇ ಉಣ್ಣಬೇಕು, ಹೊರಗಿನವರಿಗೆ ಕೊಡಬಾರದು ಎಂಬುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ. ಅದನ್ನೇ ಹೇಳಿದಳು.

“ಅವತ್ತ ಬಂದು ಆ ಅಕ್ಕಿ ಕುದಿಸಿ ಒಬ್ಬಾಕಿನ ಕುಂತು ಉಂಡೆ, ಯವ್ವಾ. ಹೊರಗಿನವರಿಗಿ ಒಂದ ಕಾಳು ಕೊಡಲಿಲ್ಲ.”